ನೂರು ರೂಪಾಯಿ ಆಸ್ತಿಯಲ್ಲಿ ನಮ್ಮದೆಷ್ಟು?

(ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರು, ಕಾಮರ್ಸ್ ವಿದ್ಯಾರ್ಥಿಗಳು ಮತ್ತು ಹೊಸದಾಗಿ ಷೇರು ಕೊಳ್ಳಲು ಶುರು ಮಾಡಿದವರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಮಾತಿನೊಳಗೇ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಟ್ಟುಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಇಷ್ಟು ಮಳೆ ಇದ್ದರೂ ಬಂದಿದ್ದೀರಿ, ತುಂಬ ಸಂತೋಷ.

ಇವತ್ತಿನ ವಿಷಯದ ಹೆಸರು ಈಕ್ವಿಟಿ ಟು ಅಸೆಟ್ ರೇಶಿಯೊ, ಅಂದರೆ ಒಟ್ಟು ಆಸ್ತಿಯಲ್ಲಿ ಸ್ವಂತದ್ದು ಎಷ್ಟು ಅನ್ನುವ ಲೆಕ್ಕ. ಕೇಳಿದರೆ ಸ್ವಲ್ಪ ಗಾಬರಿಯಾಗುತ್ತದೆ, ಅಲ್ವಾ? ನನಗೆ ಇದನ್ನು ಮೊದಲು ಕಲಿಸಿದ್ದು ಅಪ್ಪನ ಲೆಕ್ಕದ ಪುಸ್ತಕ. ಅಲ್ಲಿಂದಲೇ ಶುರು ಮಾಡುತ್ತೇನೆ.

ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ಪುಸ್ತಕ ಅದು. ಮೂಡಿಗೆರೆ ಕಡೆ ಇರುವ ನಮ್ಮ ತೋಟದ ಲೆಕ್ಕವೆಲ್ಲ ಅದರಲ್ಲೇ. ಆಳುಗಳ ವಾರದ ಬಟವಾಡೆ, ಗೊಬ್ಬರ, ಮೈಲುತುತ್ತ, ಸುಣ್ಣ, ಜೀಪಿನ ಡೀಸೆಲ್. ಪ್ರತಿ ವರ್ಷ ಯುಗಾದಿ ಹೊತ್ತಿಗೆ ಅಪ್ಪ ಎದುರುಬದುರಿನ ಎರಡು ಪುಟ ತೆರೆದು ಕೂರುತ್ತಿದ್ದರು. ಎಡಗಡೆ ಮೇಲೆ ‘ಇರೋದು’ ಅಂತ ಬರೆಯುತ್ತಿದ್ದರು. ಬಲಗಡೆ ‘ಕೊಡೋದು’. ಎಡಗಡೆ ತೋಟ, ಕಣದಲ್ಲಿ ಒಣಗುತ್ತಿರುವ ಕಾಫಿ ಹಣ್ಣು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಹಳೇ ಜೀಪು, ಪಾಸ್‌ಬುಕ್ಕಿನಲ್ಲಿರುವ ದುಡ್ಡು. ಬಲಗಡೆ ಬ್ಯಾಂಕ್ ಸಾಲ, ಗೊಬ್ಬರದ ಅಂಗಡಿಯ ಬಾಕಿ, ನೆಂಟರ ಹತ್ತಿರ ತಂದ ಕೈಸಾಲ. ಅಪ್ಪ ಓದಿದ್ದು ಏಳನೇ ಕ್ಲಾಸು. ಆದರೂ ಪ್ರತಿ ವರ್ಷ ಒಂದು ಬ್ಯಾಲೆನ್ಸ್ ಶೀಟ್ ಬರೆಯುತ್ತಿದ್ದರು. ಅದರಲ್ಲಿ ಒಂದೇ ಒಂದು ಸಾಲು ಇರುತ್ತಿರಲಿಲ್ಲ. ಎಡಗಡೆಯ ಮೊತ್ತದಿಂದ ಬಲಗಡೆಯದನ್ನು ಕಳೆದರೆ ಉಳಿಯುವುದು ಎಷ್ಟು ಅನ್ನುವ ಸಾಲು. ‘ನಮ್ಮದು’ ಅನ್ನುವ ಸಾಲು.

1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡಗಳು ಕರಟಿಹೋದವು. ಇಲ್ಲಿ ರೇಟು ಏರಿತು. 1996ರ ಹೊತ್ತಿಗೆ ಬೆಳೆಯನ್ನು ಕಾಫಿ ಬೋರ್ಡಿನ ಪೂಲ್‌ಗೇ, ಅಂದರೆ ಎಲ್ಲರ ಬೆಳೆ ಕೂಡಿಸಿ ಬೋರ್ಡೇ ಮಾರುವ ವ್ಯವಸ್ಥೆಗೇ, ಕೊಡಬೇಕು ಅನ್ನುವ ಕಟ್ಟು ಎಲ್ಲ ಬೆಳೆಗಾರರಿಗೂ ಪೂರ್ತಿ ತಪ್ಪಿತು. ಬೆಳೆದದ್ದನ್ನು ನಾವೇ ಮಾರಬಹುದಿತ್ತು. 1997ರಲ್ಲಿ ರೇಟು ಇನ್ನೊಮ್ಮೆ ಜಿಗಿಯಿತು. ಪಕ್ಕದ ತೋಟ ಮಾರಾಟಕ್ಕೆ ಬಂತು. ಅಪ್ಪ ಕೊಂಡರು.

ಲೆಕ್ಕ ಸುಲಭವಾಗಲಿ ಅಂತ ಸಂಖ್ಯೆಗಳನ್ನು ದುಂಡು ಮಾಡಿ ಹೇಳುತ್ತೇನೆ. ಕೊಳ್ಳುವ ಮುಂಚೆ ನಮ್ಮಲ್ಲಿ ಇದ್ದದ್ದು 20 ಲಕ್ಷ. ಕೊಡಬೇಕಾದ್ದು 5 ಲಕ್ಷ. ಹಾಗಾದರೆ ನಮ್ಮದು 15 ಲಕ್ಷ. 20ರಲ್ಲಿ 15 ಅಂದರೆ ನೂರಕ್ಕೆ 75. ಪಕ್ಕದ ತೋಟಕ್ಕೆ 20 ಲಕ್ಷ ಬಿತ್ತು. ಅಷ್ಟೂ ಸಾಲ. ಈಗ ಇರೋದು 40 ಲಕ್ಷ, ಕೊಡೋದು 25 ಲಕ್ಷ, ನಮ್ಮದು ಅದೇ 15 ಲಕ್ಷ. ಒಂದು ರೂಪಾಯಿಯೂ ಕಳೆದಿಲ್ಲ. ಎಕರೆ ಎರಡರಷ್ಟಾಗಿದೆ. ಊರಿನಲ್ಲಿ ಮರ್ಯಾದೆಯೂ ಜಾಸ್ತಿ ಆಗಿದೆ. ಆದರೆ 40ರಲ್ಲಿ 15 ಅಂದರೆ ನೂರಕ್ಕೆ 37.5. ಒಂದು ರಿಜಿಸ್ಟ್ರೇಷನ್ ದಿನದಲ್ಲಿ 75 ಇದ್ದದ್ದು 37.5 ಆಯಿತು. ಆ ದಿನ ಮನೆಯಲ್ಲಿ ಪಾಯಸ ಮಾಡಿದ್ದರು.

ಆಮೇಲಿನ ಕಥೆ ಇಲ್ಲಿರುವ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ವಿಯೆಟ್ನಾಂನಿಂದ ರೊಬಸ್ಟಾ ಜಾತಿಯ ಕಾಫಿ ಹೊಳೆಯಂತೆ ಬಂತು. 2001ರ ಹೊತ್ತಿಗೆ ಪ್ರಪಂಚದ ಮಾರುಕಟ್ಟೆಯಲ್ಲೇ ಕಾಫಿ ರೇಟು ನೆಲ ಕಚ್ಚಿತು. ಕೊಯ್ಲಿನ ಕೂಲಿ ಹುಟ್ಟಿದರೆ ಸಾಕು ಅನ್ನುವ ಸ್ಥಿತಿ. ಕಾಫಿ ರೇಟು ಬಿದ್ದರೆ ತೋಟದ ರೇಟೂ ಬೀಳುತ್ತದೆ. ನೂರಕ್ಕೆ 30 ಬಿತ್ತು ಅಂತ ಇಟ್ಟುಕೊಳ್ಳಿ. 40 ಲಕ್ಷದ ಆಸ್ತಿ 28 ಲಕ್ಷ ಆಯಿತು. ಸಾಲ ಮಾತ್ರ 25 ಲಕ್ಷವೇ. ಸಾಲಕ್ಕೆ ಕಾಫಿ ರೇಟು ಗೊತ್ತಾಗುವುದಿಲ್ಲ. ನಮ್ಮದು ಉಳಿದದ್ದು 3 ಲಕ್ಷ.

ಆಸ್ತಿ ಬಿದ್ದದ್ದು ನೂರಕ್ಕೆ 30. ನಮ್ಮ ಪಾಲು ಬಿದ್ದದ್ದು 15ರಿಂದ 3ಕ್ಕೆ, ಅಂದರೆ ನೂರಕ್ಕೆ 80. ಪಕ್ಕದ ತೋಟ ಕೊಳ್ಳದೇ ಇದ್ದಿದ್ದರೆ? 20 ಲಕ್ಷದ್ದು 14 ಆಗುತ್ತಿತ್ತು. 5 ಲಕ್ಷ ಸಾಲ ಕಳೆದರೆ 9 ಲಕ್ಷ. ಪೆಟ್ಟು ನೂರಕ್ಕೆ 40. ಅದೂ ದೊಡ್ಡ ಪೆಟ್ಟೇ, ಆದರೆ ತಡೆದುಕೊಳ್ಳಬಹುದಾದ ಪೆಟ್ಟು.

ಅಪ್ಪ ಕೊನೆಗೆ ಪಕ್ಕದ ತೋಟವನ್ನೂ, ಅದರ ಜೊತೆಗೆ ತಾತನ ಕಾಲದ ನಾಲ್ಕು ಎಕರೆಯನ್ನೂ ಮಾರಿ ಸಾಲ ತೀರಿಸಿದರು. ನಾನಾಗ ಬಿ.ಕಾಂ ಓದುತ್ತಿದ್ದೆ. ರಜೆಗೆ ಬಂದಾಗ ಆ ಕೆಂಪು ಪುಸ್ತಕ ತೆಗೆದು, 1997ರ ಎರಡು ಪುಟಗಳ ಕೆಳಗೆ ಪೆನ್ಸಿಲ್‌ನಲ್ಲಿ ‘ನಮ್ಮದು’ ಅಂತ ಬರೆದು ಈ ಲೆಕ್ಕ ಮಾಡಿದೆ. ಅಪ್ಪ ಪಕ್ಕದಲ್ಲೇ ಕೂತು ನೋಡಿದರು. ‘ಇದನ್ನ ಆಗ ಯಾರಾದ್ರೂ ತೋರಿಸಿದ್ರೆ ಅರ್ಧ ತೋಟ ಮಾತ್ರ ತಗೋತಿದ್ದೆ ಕಣೋ’ ಅಂದರು. ನಾನು ಈ ವಿಷಯವನ್ನು ಊರೂರಿಗೆ ಹೋಗಿ ಹೇಳುವುದು ಆ ಮಾತಿಗಾಗಿ.

ಈಗ ಕಂಪನಿಗಳ ಕಡೆ ಬರೋಣ. ಕಂಪನಿಯ ಒಟ್ಟು ಆಸ್ತಿ ಅಂದರೆ ಅಪ್ಪನ ‘ಇರೋದು’. ಒಟ್ಟು ಹೊಣೆ ಅಂದರೆ ‘ಕೊಡೋದು’. ವ್ಯತ್ಯಾಸವೇ ಈಕ್ವಿಟಿ, ಷೇರುದಾರರ ಸ್ವಂತ ಬಂಡವಾಳ. ಈಕ್ವಿಟಿಯನ್ನು ಒಟ್ಟು ಆಸ್ತಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ನಮಗೆ ಬೇಕಾದ ಸಂಖ್ಯೆ ಸಿಗುತ್ತದೆ. ಅಷ್ಟೇ. ನೂರು ರೂಪಾಯಿ ಆಸ್ತಿಯಲ್ಲಿ ಎಷ್ಟು ರೂಪಾಯಿ ಮಾಲೀಕರದ್ದು, ಎಷ್ಟು ಬೇರೆಯವರದ್ದು ಅನ್ನುವುದು ಒಂದೇ ಏಟಿಗೆ ಗೊತ್ತಾಗುತ್ತದೆ.

ಇದನ್ನೇ ತಿರುವಿ ಹಾಕಿದರೆ, ಅಂದರೆ ಆಸ್ತಿಯನ್ನು ಈಕ್ವಿಟಿಯಿಂದ ಭಾಗಿಸಿದರೆ, ಈಕ್ವಿಟಿ ಮಲ್ಟಿಪ್ಲೈಯರ್ ಸಿಗುತ್ತದೆ. ನಮ್ಮ ತೋಟದಲ್ಲಿ 40ನ್ನು 15ರಿಂದ ಭಾಗಿಸಿದರೆ 2.67. ಆಸ್ತಿಯ ಮೇಲೆ ಬಿದ್ದ ಪ್ರತಿ ಒಂದು ಪೆಟ್ಟು ಮಾಲೀಕರ ಮೇಲೆ 2.67 ಪಟ್ಟಾಗಿ ಬೀಳುತ್ತದೆ. 30ನ್ನು 2.67ರಿಂದ ಗುಣಿಸಿ ನೋಡಿ, 80 ಬರುತ್ತದೆ. ಈಗ ಹೇಳಿದ ಅದೇ 80.

ಹೀಗೆ ಸಾಲದ ಬಲದಿಂದ ದೊಡ್ಡ ಆಸ್ತಿ ಹಿಡಿಯುವುದಕ್ಕೆ ಲೆವರೇಜ್ ಅನ್ನುತ್ತಾರೆ. ಆ ಪದಕ್ಕೆ ನಮ್ಮಲ್ಲಿ ಒಳ್ಳೆಯ ಮಾತಿದೆ, ಸನ್ನೆಗೋಲು. ತೋಟದಲ್ಲಿ ಗುಂಡಿ ತೆಗೆಯುವಾಗ ದೊಡ್ಡ ಕಲ್ಲು ಸಿಕ್ಕರೆ ಏನು ಮಾಡುತ್ತೀರಿ? ಹಾರೆ ಕೊಟ್ಟು ಮೀಟುತ್ತೀರಿ. ಬರಿಗೈಯಲ್ಲಿ ಅಲ್ಲಾಡದ ಕಲ್ಲು ಹಾರೆಯ ತುದಿ ಒತ್ತಿದರೆ ಏಳುತ್ತದೆ. ಹಾರೆ ಉದ್ದ ಇದ್ದಷ್ಟೂ ಕೆಲಸ ಹಗುರ. ಆದರೆ ಉದ್ದದ ಹಾರೆ ಜಾರಿತು ಅಂದರೆ, ಒತ್ತಿದವನ ಗಲ್ಲಕ್ಕೇ ಬಡಿಯುತ್ತದೆ. ಸಾಲ ಅನ್ನುವುದು ಆ ಹಾರೆ. ಅದನ್ನು ಬೇಡ ಅನ್ನಲು ಆಗುವುದಿಲ್ಲ. 1997ರ ನಂತರವೂ ರೇಟು ನೂರಕ್ಕೆ 30 ಏರಿದ್ದರೆ ಅಪ್ಪನ 15 ಲಕ್ಷ 27 ಲಕ್ಷ ಆಗುತ್ತಿತ್ತು. ನೂರಕ್ಕೆ 80 ಲಾಭ. ಆಗ ನಾನು ಇಲ್ಲಿ ನಿಂತು ಬೇರೆ ಕಥೆ ಹೇಳುತ್ತಿದ್ದೆನೋ ಏನೋ.

ಕಂಪನಿಯ ವಾರ್ಷಿಕ ವರದಿಯಲ್ಲಿ ಈ ಎರಡು ಸಂಖ್ಯೆ ಹುಡುಕುವುದು ಹೇಗೆ? ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿಗಳು ಬಳಸುವ ನಮೂನೆಯಲ್ಲಿ ಮೇಲೆ ಆಸ್ತಿ ಬರುತ್ತದೆ, ಕೆಳಗೆ ಈಕ್ವಿಟಿ ಮತ್ತು ಹೊಣೆ. ಟೋಟಲ್ ಅಸೆಟ್ಸ್ ಒಂದು ಸಾಲು. ಟೋಟಲ್ ಈಕ್ವಿಟಿ ಇನ್ನೊಂದು ಸಾಲು. ಇಲ್ಲಿ ಹೊಸಬರು ಎರಡು ತಪ್ಪು ಮಾಡುತ್ತಾರೆ. ಮೊದಲನೆಯದು, ಈಕ್ವಿಟಿ ಷೇರ್ ಕ್ಯಾಪಿಟಲ್ ಅನ್ನುವ ಸಾಲನ್ನು ಈಕ್ವಿಟಿ ಅಂದುಕೊಳ್ಳುವುದು. ಅದು ಷೇರಿನ ಮುಖಬೆಲೆಯ ಮೊತ್ತ ಮಾತ್ರ. ವರ್ಷಗಳಿಂದ ಕೂಡಿಟ್ಟ ಲಾಭವೆಲ್ಲ ಅದರ ಕೆಳಗೆ ಅದರ್ ಈಕ್ವಿಟಿ ಅನ್ನುವ ಸಾಲಿನಲ್ಲಿರುತ್ತದೆ. ಎರಡೂ ಸೇರಿಸಬೇಕು. ಎರಡನೆಯದು, ಷೇರುಪೇಟೆಯ ಬೆಲೆಯನ್ನು ಇದಕ್ಕೆ ತಂದು ಬೆರೆಸುವುದು. ಪೇಟೆಯಲ್ಲಿ ಕಂಪನಿಗೆ ಸಾವಿರ ಕೋಟಿ ಬೆಲೆ ಇರಬಹುದು. ಪುಸ್ತಕದಲ್ಲಿ ಈಕ್ವಿಟಿ ನೂರು ಕೋಟಿಯೇ ಇರಬಹುದು. ನಮಗೆ ಬೇಕಾದ್ದು ಪುಸ್ತಕದ ಲೆಕ್ಕ.

ವಿದ್ಯಾರ್ಥಿಗಳಿಗೆ ಒಂದು ವಿಷಯ. 2021–22ರ ಲೆಕ್ಕವರ್ಷದಿಂದ ಕಂಪನಿಗಳು ಹನ್ನೊಂದು ಅನುಪಾತಗಳನ್ನು ಲೆಕ್ಕದ ಟಿಪ್ಪಣಿಯಲ್ಲಿ ಕೊಡಬೇಕು. ಹಿಂದಿನ ವರ್ಷಕ್ಕಿಂತ ಶೇ. 25ಕ್ಕಿಂತ ಜಾಸ್ತಿ ಬದಲಾದರೆ ಕಾರಣವನ್ನೂ ಬರೆಯಬೇಕು. ವರ್ಷದೊಳಗೆ ಕೊಡಬೇಕಾದ್ದಕ್ಕೆ ವರ್ಷದೊಳಗೆ ನಗದಾಗುವ ಆಸ್ತಿ ಎಷ್ಟಿದೆ ಅಂತ ಹೇಳುವ ಕರೆಂಟ್ ರೇಶಿಯೊ ಇದೆ, ಸಾಲವನ್ನು ಈಕ್ವಿಟಿಯಿಂದ ಭಾಗಿಸುವ ಡೆಟ್ ಈಕ್ವಿಟಿ ರೇಶಿಯೊ ಇದೆ. ನಾವು ಮಾತಾಡುತ್ತಿರುವುದು ಆ ಹನ್ನೊಂದರಲ್ಲಿ ಇಲ್ಲ. ನೀವೇ ಲೆಕ್ಕ ಹಾಕಬೇಕು.

ಡೆಟ್ ಈಕ್ವಿಟಿ ಇದ್ದ ಮೇಲೆ ಇದು ಯಾಕೆ ಅಂತ ಕೇಳಬಹುದು. ಒಂದು ಕಂಪನಿ ಊಹಿಸಿಕೊಳ್ಳಿ. ಆಸ್ತಿ 300 ಕೋಟಿ, ಈಕ್ವಿಟಿ 120 ಕೋಟಿ. ಬ್ಯಾಂಕ್ ಸಾಲ 100 ಕೋಟಿ. ಉಳಿದ 80 ಕೋಟಿ ಸರಕು ಕೊಟ್ಟವರ ಬಾಕಿ, ಗ್ರಾಹಕರ ಮುಂಗಡ, ನೌಕರರ ಗ್ರಾಚ್ಯುಟಿ ಇಂಥವು. ಡೆಟ್ ಈಕ್ವಿಟಿ ನೋಡಿದರೆ ಬ್ಯಾಂಕ್ ಸಾಲ ಮಾತ್ರ ಕಾಣುತ್ತದೆ, 0.83. ಪರವಾಗಿಲ್ಲ ಅನ್ನಿಸುತ್ತದೆ. ನಮ್ಮ ಅನುಪಾತದಲ್ಲಿ ಆ 80 ಕೋಟಿಯೂ ಲೆಕ್ಕಕ್ಕೆ ಬರುತ್ತದೆ. ನೂರಕ್ಕೆ 40 ಮಾತ್ರ ಸ್ವಂತದ್ದು. ಗೊಬ್ಬರದ ಅಂಗಡಿಯವನು ಬಡ್ಡಿ ಕೇಳುವುದಿಲ್ಲ ನಿಜ, ಆದರೆ ದುಡ್ಡು ಕೇಳುತ್ತಾನೆ. ರೇಟು ಬಿದ್ದ ವರ್ಷ ಎಲ್ಲರಿಗಿಂತ ಮೊದಲು ಮನೆ ಬಾಗಿಲಿಗೆ ಬಂದವನೇ ಅವನು.

ಷೇರು ಕೊಳ್ಳುವವರಿಗೆ ಇದು ಇನ್ನೂ ಒಂದು ಕಡೆ ತುಂಬ ಉಪಯೋಗಕ್ಕೆ ಬರುತ್ತದೆ. ಆರ್‌ಒಇ ಅಂತ ಕೇಳಿರುತ್ತೀರಿ, ಸ್ವಂತ ಬಂಡವಾಳದ ಮೇಲೆ ಎಷ್ಟು ಲಾಭ ಅನ್ನುವುದು. ಮೊಬೈಲ್ ಆ್ಯಪ್‌ಗಳಲ್ಲಿ ಆರ್‌ಒಇ ಜಾಸ್ತಿ ಇರುವ ಕಂಪನಿಗಳ ಪಟ್ಟಿ ಮೇಲೆಯೇ ಬಂದುಬಿಡುತ್ತದೆ. ಎರಡು ಕಂಪನಿ ಇವೆ, ಎರಡಕ್ಕೂ ಆರ್‌ಒಇ ಶೇ. 18. ಮೊದಲನೆಯದು ತನ್ನ ಆಸ್ತಿಯ ಮೇಲೆ ಶೇ. 12 ದುಡಿಯುತ್ತದೆ, ಮೂರು ರೂಪಾಯಿ ಆಸ್ತಿಯಲ್ಲಿ ಎರಡು ರೂಪಾಯಿ ಸ್ವಂತದ್ದು. ಎರಡನೆಯದು ಆಸ್ತಿಯ ಮೇಲೆ ದುಡಿಯುವುದು ಶೇ. 4.5 ಮಾತ್ರ, ನಾಲ್ಕು ರೂಪಾಯಿಯಲ್ಲಿ ಒಂದು ರೂಪಾಯಿ ಸ್ವಂತದ್ದು. 4.5ನ್ನು ನಾಲ್ಕರಿಂದ ಗುಣಿಸಿದರೆ 18. ಮೊದಲನೆಯ ಕಂಪನಿಯ ಲಾಭ ತೋಳಿನ ಬಲದಿಂದ ಬಂದದ್ದು. ಎರಡನೆಯದು ಹಾರೆಯ ಉದ್ದದಿಂದ ಬಂದದ್ದು. ಆ್ಯಪ್ ಎರಡನ್ನೂ ಒಂದೇ ಹಸಿರು ಬಣ್ಣದಲ್ಲಿ ತೋರಿಸುತ್ತದೆ. ಈ ರೀತಿ ಲಾಭವನ್ನು ಬಿಡಿಸಿ ನೋಡುವ ಕ್ರಮವನ್ನು ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಡೊನಾಲ್ಡ್‌ಸನ್ ಬ್ರೌನ್ ಅನ್ನುವವರು ನೂರು ವರ್ಷಕ್ಕೂ ಹಿಂದೆ ರೂಪಿಸಿದರು. ಇವತ್ತಿಗೂ ಅದನ್ನು ಡುಪಾಂಟ್ ಸೂತ್ರ ಅಂತಲೇ ಕರೆಯುತ್ತಾರೆ.

ಇಷ್ಟು ಹೊತ್ತು ಹೇಳಿದ್ದು ಸಂಖ್ಯೆಯ ಬಗ್ಗೆ. ಆದರೆ ಸಂಖ್ಯೆ ಗೊತ್ತಾದ ಮೇಲೆ ಎರಡನೇ ಪ್ರಶ್ನೆ ಕೇಳಲೇಬೇಕು. ನನಗೆ ಇದೇ ಮುಖ್ಯ. ಆ ಆಸ್ತಿ ಎಷ್ಟು ಬೀಳಬಲ್ಲದು? ನೂರಕ್ಕೆ 40 ಸ್ವಂತದ್ದು ಅಂದರೆ ಆಸ್ತಿಯ ಬೆಲೆ ನೂರಕ್ಕೆ 40 ಬೀಳುವವರೆಗೂ ಪೆಟ್ಟು ಮಾಲೀಕರ ಮೇಲೆ. ಅದಕ್ಕಿಂತ ಬಿದ್ದರೆ ಸಾಲ ಕೊಟ್ಟವರ ದುಡ್ಡಿಗೇ ಕೈ ಬಿತ್ತು. ಈ 40 ಸಾಕಾ ಅನ್ನುವುದು ಆಸ್ತಿಯ ಜಾತಿ ನೋಡಿ ಹೇಳಬೇಕಾದ ಮಾತು. ಆಸ್ತಿ ಅಂದರೆ ಬ್ಯಾಂಕಿನಲ್ಲಿರುವ ನಗದಾದರೆ 40 ಬೇಕಾದಷ್ಟಾಯಿತು. ಆಸ್ತಿ ಅಂದರೆ ಗೋದಾಮಿನಲ್ಲಿರುವ ಕಾಫಿ ಆದರೆ, ನೂರಕ್ಕೆ 40 ಬೀಳುವುದನ್ನು ಇಲ್ಲಿರುವ ಎಲ್ಲರೂ ಕಣ್ಣಾರೆ ನೋಡಿದ್ದೀರಿ.

ಲೀಮನ್ ಬ್ರದರ್ಸ್ ನೆನಪಿದೆಯಾ? 2008ರ ಸೆಪ್ಟೆಂಬರ್ 15ರಂದು ದಿವಾಳಿ ಅರ್ಜಿ ಹಾಕಿದ ಅಮೆರಿಕದ ಹೂಡಿಕೆ ಬ್ಯಾಂಕು. 2007ರ ನವೆಂಬರ್ ಕೊನೆಗೆ ಅದರ ಆಸ್ತಿ 69,100 ಕೋಟಿ ಡಾಲರ್. ಸ್ವಂತ ಬಂಡವಾಳ ಸುಮಾರು 2,250 ಕೋಟಿ ಡಾಲರ್. ಭಾಗಿಸಿ ನೋಡಿ, ನೂರಕ್ಕೆ ಮೂರೂಕಾಲು. ಆ ವರ್ಷ ಅವರು ಒಳ್ಳೆಯ ಲಾಭವನ್ನೇ ತೋರಿಸಿದ್ದರು. ಆದರೆ ಆಸ್ತಿಯ ಬೆಲೆ ನೂರಕ್ಕೆ ನಾಲ್ಕು ಇಳಿದರೆ ಸಾಕಿತ್ತು, ಮಾಲೀಕರದ್ದು ಅನ್ನುವುದು ಏನೂ ಉಳಿಯುತ್ತಿರಲಿಲ್ಲ. ಆ ಆಸ್ತಿಯಲ್ಲಿ ದೊಡ್ಡ ಪಾಲು ಮನೆ, ಜಮೀನು, ಕಟ್ಟಡಗಳ ಸಾಲಕ್ಕೆ ಅಂಟಿಕೊಂಡಿತ್ತು. ಅವೇ ಬಿದ್ದವು. ಇನ್ನೊಂದು ಸಂಗತಿ ಆಮೇಲೆ ತನಿಖೆಯಲ್ಲಿ ಹೊರಬಂತು. ತ್ರೈಮಾಸಿಕ ಲೆಕ್ಕ ಕೊಡುವ ದಿನಗಳಲ್ಲಿ ಸುಮಾರು 5,000 ಕೋಟಿ ಡಾಲರ್‌ನಷ್ಟು ಆಸ್ತಿಯನ್ನು ಮಾರಾಟ ಅಂತ ತೋರಿಸಿ ಪುಸ್ತಕದಿಂದ ಹೊರಗಿಡುತ್ತಿದ್ದರು, ಬಂದ ದುಡ್ಡಿನಿಂದ ಸಾಲ ಇಳಿಸುತ್ತಿದ್ದರು, ಕೆಲವು ದಿನ ಬಿಟ್ಟು ಅದೇ ಆಸ್ತಿಯನ್ನು ವಾಪಸ್ ತರುತ್ತಿದ್ದರು. ಒಂದು ದಿನದ ಫೋಟೋಗೆ ಮಾತ್ರ ಮುಖ ತೊಳೆದು ನಿಂತಂತೆ.

ಬ್ಯಾಂಕುಗಳಲ್ಲಿ ಈ ಸಂಖ್ಯೆ ಯಾವಾಗಲೂ ಸಣ್ಣದೇ. ನೀವು ಇಟ್ಟ ಠೇವಣಿ ಬ್ಯಾಂಕಿಗೆ ಸಾಲ, ಅದು ‘ಕೊಡೋದು’ ಪುಟದಲ್ಲಿ ಬರುತ್ತದೆ. ಅದಕ್ಕೇ ಅವುಗಳ ಮೇಲೆ ರಿಸರ್ವ್ ಬ್ಯಾಂಕಿನ ಕಾವಲು ಇದೆ. ಇದೇ ಅನುಪಾತದ ಹತ್ತಿರದ ಸಂಬಂಧಿಯೊಂದನ್ನು ಲೆವರೇಜ್ ರೇಶಿಯೊ ಅನ್ನುತ್ತಾರೆ. 2019ರ ಅಕ್ಟೋಬರ್ 1ರಿಂದ ದೇಶಕ್ಕೆ ತೀರಾ ಮುಖ್ಯವಾದ ದೊಡ್ಡ ಬ್ಯಾಂಕುಗಳಲ್ಲಿ ಅದು ಕನಿಷ್ಠ ಶೇ. 4, ಉಳಿದವುಗಳಲ್ಲಿ ಶೇ. 3.5 ಇರಬೇಕು. ಆದ್ದರಿಂದ ಬ್ಯಾಂಕನ್ನು ಬ್ಯಾಂಕಿನ ಜೊತೆ ಹೋಲಿಸಿ, ಸಾಫ್ಟ್‌ವೇರ್ ಕಂಪನಿಯ ಜೊತೆ ಬೇಡ.

ಈಗ ಕಾಫಿಯ ಊರಿನವರಿಗೆ ಕಾಫಿಯದೇ ಒಂದು ಉದಾಹರಣೆ. ಸ್ಟಾರ್‌ಬಕ್ಸ್. 2019ರ ಸೆಪ್ಟೆಂಬರ್ ಕೊನೆಗೆ ಅದರ ಆಸ್ತಿ ಸುಮಾರು 1,920 ಕೋಟಿ ಡಾಲರ್. ಸ್ವಂತ ಬಂಡವಾಳ ಎಷ್ಟು ಗೊತ್ತಾ? ಮೈನಸ್ 620 ಕೋಟಿ ಡಾಲರ್. ನಮ್ಮ ಅನುಪಾತ ಮೈನಸ್ 32. ಅಪ್ಪನ ಪುಸ್ತಕದಲ್ಲಿ ಹೀಗೆ ಬಂದಿದ್ದರೆ ತೋಟ ಹರಾಜಿಗೆ ಹೋಗಿರುತ್ತಿತ್ತು. ಆದರೆ ಸ್ಟಾರ್‌ಬಕ್ಸ್ ಲಾಭದಲ್ಲೇ ಇತ್ತು. ಹಾಗಾದರೆ ಇದು ಹೇಗೆ? ಕಂಪನಿ ತನ್ನದೇ ಷೇರುಗಳನ್ನು ಪೇಟೆಯಿಂದ ದೊಡ್ಡ ಮೊತ್ತಕ್ಕೆ ವಾಪಸ್ ಕೊಂಡುಕೊಂಡಿತು. ಆ ದುಡ್ಡೆಲ್ಲ ಈಕ್ವಿಟಿಯಿಂದ ಕಳೆಯುತ್ತದೆ. ಇನ್ನೊಂದು, 2018ರಲ್ಲಿ ನೆಸ್ಲೆ ಕಂಪನಿ ಸ್ಟಾರ್‌ಬಕ್ಸ್ ಹೆಸರಿನ ಕಾಫಿಯನ್ನು ಅಂಗಡಿಗಳಲ್ಲಿ ಮಾರುವ ಹಕ್ಕಿಗೆ 700 ಕೋಟಿ ಡಾಲರ್‌ಗೂ ಜಾಸ್ತಿ ಮುಂಗಡ ಕೊಟ್ಟಿತು. ಅದನ್ನು ಒಂದೇ ಸಲ ಆದಾಯ ಅಂತ ತೋರಿಸುವ ಹಾಗಿಲ್ಲ. ವರ್ಷ ವರ್ಷ ಸ್ವಲ್ಪ ಸ್ವಲ್ಪ ತೋರಿಸಬೇಕು. ಅಲ್ಲಿಯವರೆಗೂ ಅದು ‘ಕೊಡೋದು’ ಪುಟದಲ್ಲೇ ಕೂರುತ್ತದೆ, ಆ ದುಡ್ಡನ್ನು ಯಾರೂ ವಾಪಸ್ ಕೇಳದಿದ್ದರೂ. ಆದ್ದರಿಂದ ಸಂಖ್ಯೆ ಕಡಿಮೆ ಇದ್ದರೆ ಓಡಿಹೋಗಬೇಡಿ. ಯಾಕೆ ಕಡಿಮೆ ಅಂತ ಕೇಳಿ. ನಷ್ಟ ಆಗಿ ಕಡಿಮೆಯಾಯಿತಾ, ಮಾಲೀಕರಿಗೆ ಹಂಚಿ ಕಡಿಮೆಯಾಯಿತಾ? ಹಾಗಂತ ಅದು ಅಪಾಯವಿಲ್ಲದ ದಾರಿ ಅಂತಲೂ ನಾನು ಹೇಳುವುದಿಲ್ಲ. ದಿನಾ ಗಲ್ಲಾಪೆಟ್ಟಿಗೆಗೆ ದುಡ್ಡು ಬೀಳುವ ವ್ಯಾಪಾರಕ್ಕೆ ಅದು ನಡೆಯುತ್ತದೆ. ವರ್ಷಕ್ಕೊಂದು ಸಲ ಬೆಳೆ ಕಾಣುವ ನಮ್ಮಂಥವರಿಗೆ ನಡೆಯುವುದಿಲ್ಲ.

ಬೆಳೆಯ ಮಾತು ಬಂತಲ್ಲ. ನಮ್ಮ ಕಡೆಯ ಕಾಫಿ ವ್ಯಾಪಾರದವರ ಬ್ಯಾಲೆನ್ಸ್ ಶೀಟನ್ನು ಮಾರ್ಚ್ 31ರಲ್ಲಿ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಅರೇಬಿಕಾ ಕೊಯ್ಲು ಮುಗಿದು ರೊಬಸ್ಟಾವೂ ಬಂದಿರುತ್ತದೆ. ಗೋದಾಮು ತುಂಬಿರುತ್ತದೆ, ಅದಕ್ಕೆ ತಂದ ಬ್ಯಾಂಕ್ ಸಾಲವೂ ತುಂಬಿರುತ್ತದೆ. ಸ್ವಂತದ್ದು 40 ಲಕ್ಷ, ಒಟ್ಟು ಆಸ್ತಿ ಒಂದು ಕೋಟಿ, ನೂರಕ್ಕೆ 40. ಸೆಪ್ಟೆಂಬರ್ ಹೊತ್ತಿಗೆ 40 ಲಕ್ಷದ ಸರಕು ಮಾರಿ ಅಷ್ಟೇ ಸಾಲ ತೀರಿಸಿದರೆ ಆಸ್ತಿ 60 ಲಕ್ಷ, ನೂರಕ್ಕೆ 67. ಅದೇ ಮನುಷ್ಯ, ಅದೇ ವ್ಯಾಪಾರ. ಸಾಧ್ಯವಿದ್ದರೆ ಎರಡೂ ತಿಂಗಳ ಲೆಕ್ಕ ನೋಡಿ, ಐದು ವರ್ಷದ್ದನ್ನು ಪಕ್ಕ ಪಕ್ಕ ಇಡಿ.

ಇನ್ನು ಪುಸ್ತಕದಲ್ಲಿ ಆಸ್ತಿಗೆ ಹಾಕಿರುವ ಬೆಲೆ. ಹಳೆಯ ಪ್ಲಾಂಟೇಶನ್ ಕಂಪನಿಗಳು ಎಷ್ಟೋ ದಶಕಗಳ ಹಿಂದೆ ಕೊಂಡ ಜಮೀನನ್ನು ಅದೇ ಹಳೆಯ ಬೆಲೆಗೆ ತೋರಿಸಿರಬಹುದು. ಆಗ ನಿಜವಾದ ಬಲ ಪುಸ್ತಕದಲ್ಲಿ ಕಾಣುವುದಕ್ಕಿಂತ ಜಾಸ್ತಿ. ಇನ್ನು ಕೆಲವು ಕಂಪನಿಗಳು ಜಮೀನಿಗೆ ಹೊಸ ಬೆಲೆ ಕಟ್ಟಿಸಿ ಈಕ್ವಿಟಿ ಏರಿಸಿಕೊಳ್ಳುತ್ತವೆ. ಒಂದು ರೂಪಾಯಿಯೂ ಒಳಗೆ ಬಂದಿರುವುದಿಲ್ಲ, ಅನುಪಾತ ಚೆನ್ನಾಗಿ ಕಾಣುತ್ತದೆ. ಬೇರೆ ಕಂಪನಿಗಳನ್ನು ಜಾಸ್ತಿ ಬೆಲೆಗೆ ಕೊಂಡವರ ಪುಸ್ತಕದಲ್ಲಿ ಹಾಗೆ ಜಾಸ್ತಿ ಕೊಟ್ಟದ್ದು ಗುಡ್‌ವಿಲ್ ಅನ್ನುವ ದೊಡ್ಡ ಮೊತ್ತವಾಗಿ ಇರುತ್ತದೆ. ಸಾಲ ಕೊಟ್ಟವರು ಬಾಗಿಲಿಗೆ ಬಂದಾಗ ಗುಡ್‌ವಿಲ್ ಮಾರಲು ಆಗುವುದಿಲ್ಲ. ನಾನಂತೂ ಅದನ್ನು ಆಸ್ತಿಯಿಂದಲೂ ಈಕ್ವಿಟಿಯಿಂದಲೂ ಕಳೆದು ಮತ್ತೊಮ್ಮೆ ಲೆಕ್ಕ ಹಾಕುತ್ತೇನೆ.

ಬಾಡಿಗೆ ಕಟ್ಟಡದಲ್ಲಿ ಅಂಗಡಿ ನಡೆಸುವ ಕಂಪನಿಗಳ ಲೆಕ್ಕ ನೋಡುವಾಗ 2019ರ ಏಪ್ರಿಲ್ 1 ನೆನಪಿಡಿ. ಅಂದಿನಿಂದ ದೊಡ್ಡ ಕಂಪನಿಗಳು ಉದ್ದ ಅವಧಿಯ ಬಾಡಿಗೆ ಕರಾರುಗಳನ್ನು ಆಸ್ತಿಯಾಗಿಯೂ ಹೊಣೆಯಾಗಿಯೂ ಪುಸ್ತಕಕ್ಕೆ ತರಬೇಕಾಯಿತು. ಅಂಗಡಿ ಅದೇ, ಬಾಡಿಗೆ ಅದೇ, ಅನುಪಾತ ಮಾತ್ರ ಇಳಿಯಿತು.

ಪುಸ್ತಕಕ್ಕೆ ಬರದೇ ಇರುವ ಹೊಣೆಗಳೂ ಇವೆ. ಇನ್ನೊಂದು ಕಂಪನಿಯ ಸಾಲಕ್ಕೆ ಜಾಮೀನು ನಿಂತಿದ್ದರೆ ಅದು ಟಿಪ್ಪಣಿಯಲ್ಲಿ, ಕಾಂಟಿಂಜೆಂಟ್ ಲೈಯಬಿಲಿಟೀಸ್ ಅನ್ನುವ ಕಡೆ ಸಿಗುತ್ತದೆ. ನೆಂಟರ ಸಾಲಕ್ಕೆ ಸಹಿ ಹಾಕಿ ತೋಟ ಕಳೆದುಕೊಂಡವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೆ! ಹಾಗೆಯೇ ಸಮೂಹ ಕಂಪನಿಗಳಲ್ಲಿ ತಾಯಿ ಕಂಪನಿಯ ಬಿಡಿ ಲೆಕ್ಕ ನೋಡಿ ಸುಮ್ನೆ ಸಮಾಧಾನ ಪಡಬೇಡಿ. ಸಾಲ ಮಕ್ಕಳ ಮನೆಯಲ್ಲಿರಬಹುದು. ತಾಯಿ, ಮಕ್ಕಳು ಎಲ್ಲ ಸೇರಿದ ಕನ್ಸಾಲಿಡೇಟೆಡ್ ಲೆಕ್ಕವನ್ನೇ ತೆಗೆಯಿರಿ. ಪ್ರವರ್ತಕರು ತಮ್ಮ ಷೇರು ಅಡವಿಟ್ಟು ಸ್ವಂತಕ್ಕೆ ತಂದ ಸಾಲ ಎರಡರಲ್ಲೂ ಬರುವುದಿಲ್ಲ. ಅದಕ್ಕೆ ಷೇರು ವಿನಿಮಯ ಕೇಂದ್ರದ ವೆಬ್‌ಸೈಟಿನಲ್ಲಿ ಮೂರು ತಿಂಗಳಿಗೊಮ್ಮೆ ಹಾಕುವ ಷೇರುದಾರರ ಪಟ್ಟಿ ನೋಡಬೇಕು.

ಚಿಕ್ಕಮಗಳೂರಿನಲ್ಲಿ ನಿಂತು ಸಾಲದ ಮಾತಾಡುವಾಗ 2019ರ ಜುಲೈ ಎಲ್ಲರ ಮನಸ್ಸಿಗೂ ಬರುತ್ತದೆ. ಕೆಫೆ ಕಾಫಿ ಡೇ ಕಟ್ಟಿದ ವಿ.ಜಿ. ಸಿದ್ಧಾರ್ಥ ತೀರಿಕೊಂಡ ತಿಂಗಳು ಅದು. ಅವರನ್ನು ಈ ಜಿಲ್ಲೆ ಮರೆಯುವುದಿಲ್ಲ. ಆ ನೋವಿನ ಬಗ್ಗೆ ಮಾತಾಡುವ ಅಧಿಕಾರ ನನಗಿಲ್ಲ. ಆ ವರ್ಷದ ಲೆಕ್ಕದಿಂದ ಒಂದು ವಿಷಯ ಮಾತ್ರ ತೆಗೆದುಕೊಳ್ಳುತ್ತೇನೆ. ಮೈಂಡ್‌ಟ್ರೀ ಅನ್ನುವ ಸಾಫ್ಟ್‌ವೇರ್ ಕಂಪನಿಯಲ್ಲಿ ಅವರಿಗೂ ಅವರ ಸಮೂಹಕ್ಕೂ ಇದ್ದ ಪಾಲು ಎಲ್ ಆ್ಯಂಡ್ ಟಿಗೆ ಮಾರಾಟವಾಯಿತು. ಸಮೂಹದ್ದೇ ಆದ ಬೆಂಗಳೂರಿನ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕನ್ನು ಬ್ಲ್ಯಾಕ್‌ಸ್ಟೋನ್ ಅನ್ನುವ ಹೂಡಿಕೆ ಕಂಪನಿಗೆ ಮಾರುವ ಒಪ್ಪಂದವಾಯಿತು. ಬಂದ ದುಡ್ಡು ಸಾಲಕ್ಕೆ ಹೋಯಿತು. ಆಸ್ತಿ ಮಾರಿ ಸಾಲ ತೀರಿಸಿದರೆ ನಮ್ಮ ಅನುಪಾತಕ್ಕೆ ಏನಾಗುತ್ತದೆ? ಊಹೆಯ ಸಂಖ್ಯೆ ಹಾಕೋಣ. ಆಸ್ತಿ 100, ಸಾಲ 70, ಸ್ವಂತದ್ದು 30. ಪುಸ್ತಕದ ಬೆಲೆಗೇ 40ರ ಆಸ್ತಿ ಮಾರಿ ಸಾಲ ಕಟ್ಟಿದರೆ, ಆಸ್ತಿ 60, ಸಾಲ 30, ಸ್ವಂತದ್ದು 30. ನೂರಕ್ಕೆ 30 ಇದ್ದದ್ದು 50 ಆಯಿತು. ಹೊಸ ಬಂಡವಾಳ ಒಂದು ರೂಪಾಯಿ ಬಂದಿಲ್ಲ. ಆದರೆ ಆತುರದಲ್ಲಿ ಮಾರುವವನಿಗೆ ಪುಸ್ತಕದ ಬೆಲೆ ಯಾರು ಕೊಡುತ್ತಾರೆ? ಅದೇ 40ರ ಆಸ್ತಿ 25ಕ್ಕೆ ಹೋದರೆ 15 ನಷ್ಟ. ಸ್ವಂತದ್ದು 15ಕ್ಕೆ ಇಳಿಯುತ್ತದೆ, ಸಾಲ ಇನ್ನೂ 45 ಉಳಿಯುತ್ತದೆ. ನೂರಕ್ಕೆ 25. ಮಾರಿದ ಮೇಲೂ ಮೊದಲಿಗಿಂತ ಕೆಳಗೆ. ಅಪ್ಪ 2002ರಲ್ಲಿ ಮಾರಿದ್ದು ಹೀಗೆಯೇ. ಕೊಳ್ಳುವವರಿಗೂ ಗೊತ್ತಿತ್ತು ನಮ್ಮ ಅವಸರ.

ಇನ್ನು ಪ್ರಶ್ನೆಗಳು.

ಕಾಲೇಜಿನ ಒಬ್ಬ ಹುಡುಗಿ ಕೇಳಿದಳು: ‘ಸರ್, ಎಷ್ಟು ಪರ್ಸೆಂಟ್ ಇದ್ರೆ ಒಳ್ಳೇದು?’ ಎಲ್ಲರಿಗೂ ಹೊಂದುವ ಸಂಖ್ಯೆ ಇಲ್ಲಮ್ಮ. ಕಾರ್ಖಾನೆ, ತೋಟ, ಸರಕಿನ ವ್ಯಾಪಾರ ಇಂಥವುಗಳಲ್ಲಿ 50ರ ಮೇಲಿದ್ದರೆ ನಾನು ನಿಶ್ಚಿಂತೆಯಿಂದ ಮುಂದಿನ ಪುಟಕ್ಕೆ ಹೋಗುತ್ತೇನೆ. 30ಕ್ಕಿಂತ ಕೆಳಗಿದ್ದರೆ ನಿಂತು ಓದುತ್ತೇನೆ. ಇದು ನನ್ನ ಅಭ್ಯಾಸ, ನಿಯಮ ಅಲ್ಲ. ಅದೇ ವ್ಯಾಪಾರದ ಇನ್ನೂ ನಾಲ್ಕು ಕಂಪನಿಗಳನ್ನು ಪಕ್ಕದಲ್ಲಿಟ್ಟು ನೋಡು.

ಒಬ್ಬ ಅಂಗಡಿಯವರ ಪ್ರಶ್ನೆ: ‘ಅನುಪಾತ ಚೆನ್ನಾಗಿದ್ದೂ ಮುಳುಗೋದುಂಟಾ?’ ಉಂಟು. ಇರೋದೆಲ್ಲ ಜಮೀನು, ಕಟ್ಟಡ ಆಗಿದ್ದು, ನಾಳೆ ಬೆಳಿಗ್ಗೆ ಕಂತು ಕಟ್ಟಲು ನಗದು ಇಲ್ಲದಿದ್ದರೆ 60 ಇದ್ದರೂ ಕಷ್ಟವೇ. ಸಾಲ ಎಷ್ಟು ಅನ್ನುವುದರ ಜೊತೆಗೆ ಯಾವಾಗ ಕೊಡಬೇಕು ಅನ್ನುವುದನ್ನೂ ನೋಡಬೇಕು. ಅದಕ್ಕೆ ಕರೆಂಟ್ ರೇಶಿಯೊ, ಬಡ್ಡಿ ಕಟ್ಟುವ ಶಕ್ತಿ ಇವೆಲ್ಲ ಬೇಕು. ಅದರ ಬಗ್ಗೆ ಇನ್ನೊಂದು ಸಲ ಮಾತಾಡೋಣ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ಬೆಳೆಗಾರರೊಬ್ಬರದ್ದು. ‘ಎರಡು ಮೂರು ವರ್ಷದಿಂದ ಕಾಫಿಗೆ ಒಳ್ಳೇ ರೇಟು ಬಂದಿದೆ. ನಮ್ಮ ಪಕ್ಕದ ತೋಟ ಕೊಡ್ತಾರಂತೆ. ಮಗ ತಗೊಳ್ಳೋಣ ಅಂತಾನೆ. ಏನ್ ಮಾಡ್ಲಿ?’

ತಗೋಳಿ ಅಂತಲೋ ಬೇಡ ಅಂತಲೋ ಹೇಳುವವನು ನಾನಲ್ಲ ಗೌಡ್ರೇ ಅಂದೆ. ವೇದಿಕೆಯಿಂದ ಇಳಿದು ಅವರ ಹತ್ತಿರ ಹೋದೆ. ಕಾರ್ಯಕ್ರಮದ ಆಹ್ವಾನ ಪತ್ರಿಕೆ ಅವರ ಕೈಯಲ್ಲೇ ಇತ್ತು. ಅದರ ಹಿಂದೆ ಎಡಗಡೆ ‘ಇರೋದು’, ಬಲಗಡೆ ‘ಕೊಡೋದು’, ಕೆಳಗೆ ‘ನಮ್ಮದು’ ಅಂತ ಬರೆದುಕೊಟ್ಟೆ. ಈಗಿನ ರೇಟಿನಲ್ಲಿ ಒಂದು ಸಲ ತುಂಬಿ. ಹೊಸ ತೋಟವನ್ನೂ ಹೊಸ ಸಾಲವನ್ನೂ ಸೇರಿಸಿ ಇನ್ನೊಂದು ಸಲ ತುಂಬಿ. ಆಮೇಲೆ ಎಡಗಡೆಯದನ್ನೆಲ್ಲ ನೂರಕ್ಕೆ 40 ಇಳಿಸಿ ಮೂರನೇ ಸಲ ತುಂಬಿ. ಮೂರೂ ಹಾಳೆ ಮಗನ ಮುಂದೆ ಇಡಿ.

ಅವರು ಕನ್ನಡಕ ಹಾಕಿಕೊಂಡು ಅಲ್ಲೇ ಬರೆಯಲು ಶುರು ಮಾಡಿದರು. ತೋಟ, ಕಣ, ಟ್ರ್ಯಾಕ್ಟರ್. ಆಮೇಲೆ ಪೆನ್ನು ನಿಲ್ಲಿಸಿ ತಲೆ ಎತ್ತಿದರು.

‘ಮೆಣಸು ಸೇರಿಸ್ಬೋದಾ?’

‘ಸೇರಿಸಿ. ಒಣಗಿಸಿ ಚೀಲದಲ್ಲಿ ಕಟ್ಟಿಟ್ಟಿರೋದು ಮಾತ್ರ. ಬಳ್ಳಿ ಮೇಲಿರೋದು ಈಗ ಬೇಡ.’